ಡಬ್ಬಿಗೆ ಕನ್ನಡ ಬರಂಗಿಲ್ಲ

ಪುಣೆಯಲ್ಲಿ ನೌಕರಿ ಮಾಡುವ ನನ್ನ ಮಗ ಮೊನ್ನೆ ರಜೆಗೆಂದು ಮನೆಗೆ ಬಂದಿದ್ದ. ಬಂದವನು ಟೀವಿಯ ಹಿಂದಿನ ವಯರುಗಳ ಸಿಕ್ಕನ್ನು ನೋಡಿ, “ಅಮ್ಮ, ಈ ಕೇಬಲ್ ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ? ಕಿತ್ತು ಹಾಕೋಣ. ಎಲ್ಲ ಇಂಟರ್‌ನೆಟ್ಟಿನಲ್ಲೇ ಬರುತ್ತದೆ” ಎಂದ. ನಾನು ಏನೂ ಹೇಳಲಿಲ್ಲ. ಟೀವಿಯ ಪಕ್ಕದ ಗೋಡೆಯ ಕಡೆಗೆ ಕೈ ತೋರಿಸಿದೆ. ಅಲ್ಲಿ ಒಂದು ಹಳೆಯ ರಟ್ಟಿನ ಹಾಳೆ ಇದೆ. ಅದರ ಮೇಲೆ ದಪ್ಪ ಸ್ಕೆಚ್ ಪೆನ್ನಿನಿಂದ ಕನ್ನಡದಲ್ಲಿ ನಾಲ್ಕು ಹೆಸರು, ಪಕ್ಕದಲ್ಲಿ ಕನ್ನಡ ಅಂಕಿಗಳು. ಬರೆದವನು ಅವನೇ, ಹದಿನಾರು ವರ್ಷದವನಿದ್ದಾಗ. ಅದನ್ನು ನೋಡಿ ಅವನೂ ಸುಮ್ಮನಾದ.

ಆ ಹಾಳೆಯ ಕಥೆಯನ್ನು ನಮ್ಮ ಸಂಘದ ಯುವಕ ಯುವತಿಯರಿಗೆ ಹೇಳಬೇಕೆನಿಸಿತು. ಟೀವಿಯೆಂಬುದು ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಾದ ಸಂಗತಿ ನಿಮಗೆಲ್ಲ ಹಳೆಯದು. ನಿಮ್ಮಲ್ಲಿ ಕೆಲವರಿಗೆ ಅದರ ನೆನಪೂ ಇರಲಿಕ್ಕಿಲ್ಲ. ಆದರೆ ಇಂಥ ಬದಲಾವಣೆ ಒಮ್ಮೆ ಬಂದು ಮುಗಿಯುವಂಥದ್ದಲ್ಲ. ನಾಲ್ಕಾರು ವರ್ಷಕ್ಕೊಮ್ಮೆ ಬೇರೆ ಬೇರೆ ವೇಷ ಹಾಕಿಕೊಂಡು ಬಾಗಿಲು ತಟ್ಟುತ್ತದೆ. ಬಂದಾಗಲೆಲ್ಲ ಫಾರಂ ತುಂಬುವವರು, ಬಟನ್ ಒತ್ತುವವರು ನೀವೇ. ಆದ್ದರಿಂದ ಕೇಳಿ.

ಮಂಜಿನ ಹಿಂದಿನ ಕನ್ನಡ

ನಾನು ಮದುವೆಯಾಗಿ ಧಾರವಾಡದಿಂದ ಮುಂಬೈಗೆ ಬಂದದ್ದು 1993ರಲ್ಲಿ. ಕೈಯಲ್ಲಿ ಇಂಗ್ಲಿಷ್ ಬಿ.ಎ. ಪದವಿ, ತಲೆಯಲ್ಲಿ ಷೇಕ್ಸ್‌ಪಿಯರ್, ಮನೆಯಲ್ಲಿ ಮುಲುಂಡಿನ ಒಂದೂವರೆ ಕೋಣೆ. ಆಗ ಕೇಬಲ್ ಟೀವಿಯ ಹೊಸ ಸಂಭ್ರಮ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಶುರುವಾದ ಡಿಶ್ಶಿನ ಹುಚ್ಚು, 1992ರಲ್ಲಿ ಜೀ ಟೀವಿ ಬಂದ ಮೇಲೆ ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಕಪ್ಪು ವಯರಾಗಿ ಹಬ್ಬಿತ್ತು. ಅದಕ್ಕೂ ಮೊದಲಿನ ಹಿರಿಯರಾದರೆ ಮಹಡಿಯ ಮೇಲೆ ಆಂಟೆನಾ ನೆಟ್ಟು, ಅದನ್ನು ವರಳಿಯ ದೂರದರ್ಶನ ಗೋಪುರದ ಕಡೆಗೆ ತಿರುಗಿಸಿಕೊಂಡವರು. ಮುಂಬೈಯಲ್ಲಿ ದೂರದರ್ಶನ ಆರಂಭವಾದದ್ದು 1972ರ ಅಕ್ಟೋಬರ್ 2ರಂದು. ಎಂಬತ್ತರ ದಶಕದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಲನಚಿತ್ರ ಬರುತ್ತಿತ್ತು. ಸರದಿಯಂತೆ ಕನ್ನಡದ್ದು ಬಂದಾಗ ಅಕ್ಕಪಕ್ಕದ ಕನ್ನಡದವರೆಲ್ಲ ಒಂದೇ ಮನೆಯಲ್ಲಿ ಸೇರುತ್ತಿದ್ದರಂತೆ. ವರ್ಷದಲ್ಲಿ ಕೆಲವೇ ಸಲದ ಆ ಹಬ್ಬದ ಮಾತನ್ನು ನಮ್ಮವರು ಈಗಲೂ ಆಡುತ್ತಾರೆ.

ಮುಂದೆ ಕನ್ನಡಕ್ಕೇ ವಾಹಿನಿಗಳು ಬಂದವು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ (ಇದೇ 2015ರಲ್ಲಿ ಕಲರ್ಸ್ ಕನ್ನಡವಾಯಿತು), 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ಬೆಂಗಳೂರಿನವರಿಗೆ ಬಂದಿತು, ಮುಂಬೈಯವರಿಗೆ ಬರಲಿಲ್ಲ. ಯಾಕೆಂದರೆ ಅನಲಾಗ್ ಕೇಬಲ್ಲಿನಲ್ಲಿ ಜಾಗ ಕಡಿಮೆ. ಒಂದು ವಾಹಿನಿಗೆ ಏಳೆಂಟು ಮೆಗಾಹರ್ಟ್ಸ್ ಅಗಲದ ಒಂದು ಪೂರ್ತಿ ಸೀಟು ಬೇಕು. ಹೀಗಾಗಿ ಒಂದು ಕೇಬಲ್ಲಿನಲ್ಲಿ ಎಂಬತ್ತರಿಂದ ನೂರು ವಾಹಿನಿ ಹಿಡಿದರೆ ಹೆಚ್ಚು. ಆ ಸೀಟುಗಳಿಗೂ ನಮ್ಮ ಲೋಕಲ್ ಟ್ರೇನಿನಂತೆ ನೂಕುನುಗ್ಗಲು. ಒಳ್ಳೆಯ ಸೀಟಿಗಾಗಿ ವಾಹಿನಿಯವರೇ ಕೇಬಲ್ಲಿನವರಿಗೆ ಹಣ ಕೊಡುವ ಪದ್ಧತಿಯೂ ಇತ್ತು. ಹಿಂದಿ, ಮರಾಠಿ, ಇಂಗ್ಲಿಷ್, ಗುಜರಾತಿಯೆಲ್ಲ ಕುಳಿತ ಮೇಲೆ ಒಂದು ಬೀದಿಯಲ್ಲಿ ಹತ್ತು ಮನೆ ಇರುವ ಕನ್ನಡದವರಿಗೆ ಫುಟ್‌ಬೋರ್ಡೇ ಗತಿ.

ನಮ್ಮ ಕೇಬಲ್ಲಿನಲ್ಲಿ ಒಂದೇ ಒಂದು ಕನ್ನಡ ವಾಹಿನಿ ಬರುತ್ತಿತ್ತು, ಅದೂ ಕಟ್ಟಕಡೆಯ ನಂಬರಿನಲ್ಲಿ. ಚಿತ್ರದ ಮೇಲೆ ಮಂಜು ಬಿದ್ದ ಹಾಗೆ, ಮಾತಿನ ಹಿಂದೆ ಜೀರುಂಡೆ ಕೂಗಿದ ಹಾಗೆ. ಆದರೂ ಬರುತ್ತಿತ್ತು.

ಮಾವನವರು ತೀರಿಕೊಂಡ ಮೇಲೆ, 2005ರಲ್ಲಿ, ಅತ್ತೆಯವರು ಊರು ಬಿಟ್ಟು ನಮ್ಮಲ್ಲಿಗೆ ಬಂದರು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದವರು. ಹಿಂದಿ ಅಷ್ಟಕ್ಕಷ್ಟೆ, ಮರಾಠಿ ತರಕಾರಿ ಕೊಳ್ಳುವಷ್ಟು. ಆ ಮಂಜಿನ ವಾಹಿನಿಯಲ್ಲಿ ದಿನಾ ಸಂಜೆ ಒಂದು ಧಾರಾವಾಹಿ ನೋಡುತ್ತಿದ್ದರು. ಅದೇ ಧಾರಾವಾಹಿಯನ್ನು ಧಾರವಾಡದಲ್ಲಿ ಅವರ ತಂಗಿಯೂ ನೋಡುತ್ತಿದ್ದರು. ರಾತ್ರಿ ಊಟವಾದ ಮೇಲೆ ಇಬ್ಬರೂ ಫೋನಿನಲ್ಲಿ ಆ ಧಾರಾವಾಹಿಯ ಸೊಸೆಯನ್ನು ಬೈಯುತ್ತಿದ್ದರು. ನಾನು ಒಳಗೆ ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಧಾರಾವಾಹಿಯ ಸೊಸೆಗೆ ಬೈಗುಳ ಬೀಳುವಷ್ಟು ಕಾಲ ಮನೆಯ ಸೊಸೆ ಕ್ಷೇಮ!

ಒಂದು ರಾತ್ರಿಯಲ್ಲಿ ಆದ ಬದಲಾವಣೆ

1995ರ ಕೇಬಲ್ ಟೆಲಿವಿಷನ್ ಕಾಯ್ದೆಗೆ 2011ರಲ್ಲಿ ಸರಕಾರ ತಿದ್ದುಪಡಿ ತಂದಿತು. ದೇಶದ ಎಲ್ಲ ಕೇಬಲ್ ಟೀವಿಯೂ ನಾಲ್ಕು ಹಂತಗಳಲ್ಲಿ ಡಿಜಿಟಲ್ ಆಗಬೇಕು, ಪ್ರತಿ ಟೀವಿಗೂ ಒಂದು ಸೆಟ್ ಟಾಪ್ ಬಾಕ್ಸ್ ಇರಬೇಕು ಎಂಬುದು ಅದರ ಸಾರ. ಮೊದಲ ಹಂತದಲ್ಲಿ ದೆಹಲಿ, ಮುಂಬೈ, ಕೋಲ್ಕತಾ, ಚೆನ್ನೈ. 2012ರ ಜೂನ್ 30 ಎಂದಿದ್ದ ಗಡುವು ಅಕ್ಟೋಬರ್ 31ಕ್ಕೆ ಹೋಯಿತು. ಎರಡನೆಯ ಹಂತದ 38 ನಗರಗಳಲ್ಲಿ ಪುಣೆ, ಹೈದರಾಬಾದ್, ಬೆಂಗಳೂರು, ಮೈಸೂರುಗಳಿದ್ದವು. ಅವಕ್ಕೆ 2013ರ ಮಾರ್ಚ್ 31. ಚೆನ್ನೈಯಲ್ಲಿ ವಿಷಯ ಕೋರ್ಟಿಗೆ ಹೋಗಿ ತಡವಾಯಿತು. ಕೊನೆಯ ಹಂತದ ಊರುಗಳ ಗಡುವು ಮುಂದೆ ಮುಂದೆ ಹೋಗಿ 2017ರ ಮಾರ್ಚ್ 31ಕ್ಕೆ ನಿಂತಿತು.

ಇದಕ್ಕೆಲ್ಲ ಕಾರಣವೇನು? ಅನಲಾಗ್ ಕಾಲದಲ್ಲಿ ಒಂದು ವಯರಿಗೆ ಎಷ್ಟು ಮನೆ ಜೋತು ಬಿದ್ದಿವೆಯೆಂದು ಕೇಬಲ್ಲಿನವನಿಗಷ್ಟೇ ಗೊತ್ತು. ಅವನು ಹೇಳಿದ್ದೇ ಲೆಕ್ಕ, ಹೇಳುತ್ತಿದ್ದುದು ಕಡಿಮೆಯೇ. ವಾಹಿನಿಗೂ ನಷ್ಟ, ಸರಕಾರದ ತೆರಿಗೆಗೂ ನಷ್ಟ. ಡಿಜಿಟಲ್ ಪೆಟ್ಟಿಗೆಗೆ ಒಂದೊಂದಕ್ಕೂ ನಂಬರಿರುತ್ತದೆ. ಯಾವ ಮನೆಗೆ ಯಾವ ವಾಹಿನಿ ಹೋಗಬೇಕು, ಯಾವುದು ಹೋಗಬಾರದು ಎಂದು ದೂರದಿಂದಲೇ ತೆರೆಯಬಹುದು, ಮುಚ್ಚಬಹುದು.

ಡಿಜಿಟಲ್ ಎಂದರೇನು ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಅತ್ತೆಯವರಿಗೆ ನಾನು ಹೇಳಿಕೊಟ್ಟ ಬಗೆ ನಿಮಗೂ ಉಪಯೋಗಕ್ಕೆ ಬರಬಹುದು. ಒಬ್ಬರ ರಂಗೋಲಿಯನ್ನು ನೋಡಿ ಇನ್ನೊಬ್ಬರು, ಅವರದ್ದನ್ನು ನೋಡಿ ಮತ್ತೊಬ್ಬರು ಕೈಬಿಟ್ಟು ಬಿಡಿಸುತ್ತ ಹೋದರೆ ಹತ್ತನೆಯ ಬಾಗಿಲಿಗೆ ಬರುವಾಗ ನವಿಲು ಕೋಳಿಯಾಗಿರುತ್ತದೆ. ಅದು ಅನಲಾಗ್. ಅದೇ ಚುಕ್ಕಿ ರಂಗೋಲಿಯಾದರೆ “ಹದಿನೈದು ಚುಕ್ಕಿ, ಮಧ್ಯದಿಂದ ಒಂದು ಬಿಟ್ಟು ಒಂದು” ಎಂದು ಫೋನಿನಲ್ಲಿ ಹೇಳಿದರೂ ಸಾಕು, ಧಾರವಾಡದ ನವಿಲು ಮುಲುಂಡಿನಲ್ಲೂ ನವಿಲಾಗಿಯೇ ಏಳುತ್ತದೆ. ಅದು ಡಿಜಿಟಲ್. ‘ಡಿಜಿಟ್’ ಎಂಬ ಮಾತಿನ ಮೂಲ ಲ್ಯಾಟಿನ್ನಿನಲ್ಲಿ ಬೆರಳು, ಬೆರಳೆಣಿಕೆಯ ಬೆರಳೇ. ಅತ್ತೆಯವರು ಕೇಳಿ, “ಅಂದರ ಚುಕ್ಕಿ ತಪ್ಪಿದರ?” ಎಂದರು. ಸರಿಯಾದ ಪ್ರಶ್ನೆಯೇ. ಚುಕ್ಕಿ ತಪ್ಪಿದರೆ ಚಿತ್ರ ಚೂರು ಚೂರಾಗುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ಅನಲಾಗ್‌ನಲ್ಲಿ ಸಿಗ್ನಲ್ ಕ್ಷೀಣವಾದರೆ ಮಂಜು ಬೀಳುತ್ತಿತ್ತು, ಕಣ್ಣು ಕಿರಿದು ಮಾಡಿ ನೋಡಬಹುದಾಗಿತ್ತು. ಡಿಜಿಟಲ್‌ನಲ್ಲಿ ಬಂದರೆ ಸ್ವಚ್ಛ, ಇಲ್ಲದಿದ್ದರೆ ಏನೂ ಇಲ್ಲ.

ಇನ್ನೊಂದು ಲಾಭವೂ ಇದೆ. ವಾರ್ತೆ ಓದುವವರ ಹಿಂದಿನ ಪರದೆ, ಮೇಜು ಬದಲಾಗುವುದಿಲ್ಲ, ತುಟಿಯಷ್ಟೇ ಅಲುಗುತ್ತದೆ. ಡಿಜಿಟಲ್‌ನಲ್ಲಿ ಬದಲಾದಷ್ಟನ್ನೇ ಹೊಸದಾಗಿ ಕಳುಹಿಸಿದರೆ ಸಾಕು. ಹೀಗೆ ಉಳಿಸಿದ ಜಾಗದಲ್ಲಿ, ಹಿಂದೆ ಒಂದು ವಾಹಿನಿ ಕುಳಿತ ಸೀಟಿನಲ್ಲಿ ಹತ್ತಾರು ವಾಹಿನಿ ಕುಳಿತುಕೊಳ್ಳುತ್ತವೆ. ಅಂದರೆ ಫುಟ್‌ಬೋರ್ಡಿನಲ್ಲಿದ್ದ ಕನ್ನಡಕ್ಕೂ ಈಗ ಒಳಗೆ ಸೀಟು ಸಿಗಬೇಕಷ್ಟೆ? ನಾವೂ ಹಾಗೆಯೇ ತಿಳಿದಿದ್ದೆವು.

ಫಾರಂ ತುಂಬಿದ್ದು ಯಾರು?

ಅಕ್ಟೋಬರಿನಲ್ಲಿ ಕೇಬಲ್ಲಿನ ಹುಡುಗ ಬಂದು ಪೆಟ್ಟಿಗೆ ಕೊಟ್ಟ. ಸಾವಿರ ರೂಪಾಯಿಯ ಆಸುಪಾಸು. ಜೊತೆಗೊಂದು ಇಂಗ್ಲಿಷ್ ಫಾರಂ. ಹಬ್ಬದ ಮುಂದಿನ ದಿನಗಳು, ನನಗೆ ಪುರುಸೊತ್ತಿಲ್ಲ. ನಮ್ಮವರು ಆಫೀಸಿನಿಂದ ಬರುವುದೇ ರಾತ್ರಿ ಒಂಬತ್ತಕ್ಕೆ. “ನೀನೇ ತುಂಬಪ್ಪಾ” ಎಂದು ಮಗನ ಕೈಗೆ ಕೊಟ್ಟೆ. ಅವನು ಎರಡು ನಿಮಿಷದಲ್ಲಿ ತುಂಬಿದ. ಕ್ರಿಕೆಟ್ಟಿಗೆ ಒಂದು ಗುರುತು, ಇಂಗ್ಲಿಷ್ ಸಿನೆಮಾಕ್ಕೆ ಒಂದು, ನನಗಾಗಿ ಹಿಂದಿ ಧಾರಾವಾಹಿಗೆ ಒಂದು, ಅಪ್ಪನಿಗಾಗಿ ಸುದ್ದಿಗೆ ಒಂದು. ನಾನೇ ಸಹಿ ಹಾಕಿದೆ, ಓದದೆ. ಇಂಗ್ಲಿಷ್ ಬಿ.ಎ. ಓದಿದವಳು ಇಂಗ್ಲಿಷ್ ಫಾರಂ ಓದದೆ ಸಹಿ ಹಾಕಿದ್ದು ನನಗೆ ಇಂದಿಗೂ ನಾಚಿಕೆಯ ವಿಷಯ.

ನವೆಂಬರ್ ಒಂದರ ಬೆಳಿಗ್ಗೆ ಹಳೆಯ ವಯರಿನ ಎಲ್ಲ ವಾಹಿನಿಗಳೂ ಇಲ್ಲವಾಗಿದ್ದವು. ಪೆಟ್ಟಿಗೆಯಲ್ಲಿ ಚಿತ್ರಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಕ್ರಿಕೆಟ್ ಚೆಂಡಿನ ಹೊಲಿಗೆ ಕಾಣಿಸುತ್ತದೆಂದು ಮಗ ಕುಣಿದಾಡಿದ. ನಾವೂ ಹಿಗ್ಗಿದೆವು.

ಎರಡು ಮೂರು ವಾರ ಕಳೆದಿರಬೇಕು. ಸಂಜೆಯ ಹೊತ್ತು ಅತ್ತೆಯವರು ಟೀವಿ ಹಚ್ಚದೆ ಬಾಲ್ಕನಿಯಲ್ಲಿ ಕೂತಿರುವುದು ನನ್ನ ಗಮನಕ್ಕೆ ಬಂತು. “ಯಾಕ ಅತ್ತ್ಯಾರ, ಟೀವಿ ಹಚ್ಚಲಿಲ್ಲ?” ಎಂದು ಕೇಳಿದೆ. “ಕಣ್ಣು ಉರೀತಾವವಾ” ಎಂದರು. ನಾನು ನಂಬಿದೆ. ಕಣ್ಣಿನ ಡಾಕ್ಟರರ ಹತ್ತಿರ ಕರೆದೊಯ್ಯುವ ಮಾತನ್ನೂ ಆಡಿದೆ. ರಾತ್ರಿಯ ಫೋನು ಕೂಡ ಚಿಕ್ಕದಾಗುತ್ತ ಬಂದಿತ್ತು. ಅದೂ ನನಗೆ ಹೊಳೆಯಲಿಲ್ಲ.

ಒಂದು ಭಾನುವಾರ ಅವರ ತಂಗಿಯ ಫೋನು ಬಂತು. ನಾನೂ ಮಗನೂ ಅಲ್ಲೇ ಇದ್ದೆವು. ಆ ಕಡೆಯವರು ಧಾರಾವಾಹಿಯಲ್ಲಿ ಏನೋ ದೊಡ್ಡ ಪ್ರಸಂಗ ನಡೆದದ್ದನ್ನು ಕೇಳಿದ್ದಿರಬೇಕು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಇಲ್ಲವಾ, ನಾ ನೋಡಿಲ್ಲ. ನಮ್ಮ ಕಡೆ ಈಗ ಕನ್ನಡ ಬರೂದಿಲ್ಲ. ಹೊಸಾ ಡಬ್ಬಿ ಬಂದೈತಿ, ಚಲೋ ಐತಿ. ಆದರ ಆ ಡಬ್ಬಿಗೆ ಕನ್ನಡ ಬರಂಗಿಲ್ಲ.”

ದೂರು ಹೇಳುವ ದನಿಯಲ್ಲ ಅದು. ಮಳೆ ಬಂತು, ನಿಂತಿತು ಎನ್ನುವ ಹಾಗೆ ಹೇಳಿದರು. ಅದರಿಂದಲೇ ನಮ್ಮಿಬ್ಬರ ಮುಖ ಸಣ್ಣದಾಯಿತು. ಮಗ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. “ಅಜ್ಜಿ, ನೀವು ಯಾಕೆ ಹೇಳಲಿಲ್ಲ?” ಎಂದು ಕೇಳಿದ. “ನೀ ಫಾರಮ್ಮಿನ್ಯಾಗ ಬರೆಯೂವಾಗ ನಾ ಇಲ್ಲೇ ಕೂತಿದ್ದೆನಲ್ಲೋ” ಎಂದರು. ಅಷ್ಟೇ.

ಕಾನೂನು ಮರೆತ ಭಾಷೆ

ಮರುದಿನ ಮಗ ಕಾಲೇಜಿನಿಂದ ನೇರವಾಗಿ ಕೇಬಲ್ ಆಫೀಸಿಗೆ ಹೋದ. ಕನ್ನಡ ವಾಹಿನಿಗಳು ಪೆಟ್ಟಿಗೆಯ ದಾರಿಯಲ್ಲಿ ಇದ್ದೇ ಇದ್ದವು, ಒಂದಲ್ಲ, ಹಲವು. ಆದರೆ ಅವು ನಾವು ಗುರುತು ಹಾಕಿದ ಪ್ಯಾಕೇಜಿನಲ್ಲಿರಲಿಲ್ಲ. ದಕ್ಷಿಣ ಭಾರತದ ಭಾಷೆಗಳ ಬೇರೊಂದು ಪ್ಯಾಕೇಜು. ತಿಂಗಳಿಗೆ ಒಂದು ವಡಾಪಾವ್ ಪ್ಲೇಟಿನಷ್ಟು ಹೆಚ್ಚಿನ ಹಣ. ಕೇಳಿದವರಿಗೆ ಮಾತ್ರ. ನಮ್ಮ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ.

ಆಮೇಲೆ ನಾನು ಪತ್ರಿಕೆಗಳನ್ನು ತಿರುವಿ ನೋಡಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2012ರ ಏಪ್ರಿಲಿನಲ್ಲೇ ನಿಯಮ ಮಾಡಿತ್ತು. 100 ಉಚಿತ ವಾಹಿನಿಗಳ ಮೂಲ ಪ್ಯಾಕೇಜನ್ನು ತಿಂಗಳಿಗೆ ಹೆಚ್ಚೆಂದರೆ 100 ರೂಪಾಯಿಗೆ ಕೊಡಬೇಕು. ಅದರಲ್ಲಿ ಸುದ್ದಿ, ಕ್ರೀಡೆ, ಮಕ್ಕಳು, ಸಂಗೀತ, ಸಿನೆಮಾ ಹೀಗೆ ಒಂದೊಂದು ಬಗೆಯಲ್ಲೂ ಕನಿಷ್ಠ ಐದೈದು ಇರಬೇಕು. ಮನರಂಜನೆಯ ವಾಹಿನಿಗಳು ಯಾವ ಭಾಷೆಯಲ್ಲಿ? ಹಿಂದಿ, ಇಂಗ್ಲಿಷ್ ಮತ್ತು ಆಯಾ ಪ್ರದೇಶದ ಭಾಷೆ. ಮುಂಬೈಗೆ ಅದು ಮರಾಠಿ. ಅದು ನ್ಯಾಯವೇ, ನಾನು ತಪ್ಪೆನ್ನುವುದಿಲ್ಲ. ಆದರೆ ಮುಂಬೈಯ ಕನ್ನಡದ ಅಜ್ಜಿ ಆ ವಾಕ್ಯದ ಯಾವ ಮೂಲೆಯಲ್ಲೂ ಇಲ್ಲ. ಬೆಂಗಳೂರಿನಲ್ಲಿರುವ ಮರಾಠಿ ಅಜ್ಜಿಯೂ ಇಲ್ಲ. ಹೊರನಾಡಿನವರ ಪಾಲಿಗೆ ಕಾನೂನು ಭಾಷೆ ಕೊಡುವುದಿಲ್ಲ. ಮನೆಯವರು ಕೇಳಿ ಪಡೆಯಬೇಕು.

ಅನಲಾಗ್ ಕಾಲದಲ್ಲಿ ಕೇಬಲ್ಲಿನವನ ಕೃಪೆಯಿಂದ ಒಂದು ಮಂಜಿನ ಕನ್ನಡ ವಾಹಿನಿ ಎಲ್ಲ ಮನೆಗೂ ತಾನಾಗಿ ಬರುತ್ತಿತ್ತು. ಡಿಜಿಟಲ್ ಕಾಲದಲ್ಲಿ ಐದಾರು ಸ್ವಚ್ಛ ಕನ್ನಡ ವಾಹಿನಿಗಳು ಬಾಗಿಲ ತನಕ ಬಂದು ನಿಂತಿರುತ್ತವೆ. ಹೆಸರು ಹೇಳಿ ಕರೆದರಷ್ಟೇ ಒಳಗೆ ಬರುತ್ತವೆ. ಈ ವ್ಯತ್ಯಾಸವೇ ನಾನು ನಿಮಗೆ ಹೇಳಬೇಕೆಂದಿರುವ ಮುಖ್ಯ ಮಾತು. ಹೊಸ ತಂತ್ರಜ್ಞಾನ ಕನ್ನಡವನ್ನು ಕೊಲ್ಲಲಿಲ್ಲ. ಕರೆಯುವವರು ಬೇಕೆಂದಿತು, ಅಷ್ಟೇ.

ಬೇರೆ ದೇಶಗಳು ಈ ಬದಲಾವಣೆಯನ್ನು ಹೇಗೆ ನಿಭಾಯಿಸಿದವು ಎಂದು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಅಮೆರಿಕ 2009ರ ಜೂನ್ 12ರಂದು ದೊಡ್ಡ ಕೇಂದ್ರಗಳ ಅನಲಾಗ್ ಪ್ರಸಾರ ನಿಲ್ಲಿಸುವ ಮೊದಲು ಮನೆಗೆ ಎರಡರಂತೆ, ತಲಾ ನಲವತ್ತು ಡಾಲರಿನ ಕೂಪನ್ ಹಂಚಿತು. ಜಪಾನ್ 2011ರ ಜುಲೈ 24ರಂದು ನಿಲ್ಲಿಸಿತು. ಆದರೆ ಭೂಕಂಪ, ಸುನಾಮಿಗಳಿಂದ ನೊಂದ ಮೂರು ಪ್ರಾಂತಗಳಿಗೆ 2012ರ ಮಾರ್ಚ್ ತನಕ ಸಮಯ ಕೊಟ್ಟಿತು. ಬ್ರಿಟನ್ ಮುಗಿಸಿದ್ದು 2012ರ ಅಕ್ಟೋಬರ್ 24ರಂದು, ನಮ್ಮ ಮುಂಬೈಗಿಂತ ಒಂದೇ ವಾರ ಮೊದಲು. ಅಲ್ಲಿ 75 ದಾಟಿದವರಿಗೆ, ಅಂಗವಿಕಲರಿಗೆ ಸಹಾಯದ ಯೋಜನೆಯೇ ಇತ್ತು. ಕೇಳಿದರೆ ಮನೆಗೇ ಬಂದು ಪೆಟ್ಟಿಗೆ ಜೋಡಿಸಿ, ಬಳಸುವುದನ್ನು ತೋರಿಸಿ ಹೋಗುತ್ತಿದ್ದರು. ನಮ್ಮಲ್ಲಿ ಅಂಥ ಯೋಜನೆಯಿರಲಿಲ್ಲ. ನಮ್ಮಲ್ಲಿ ಇದ್ದದ್ದು ಮೊಮ್ಮಕ್ಕಳು.

ರಟ್ಟಿನ ಹಾಳೆ

ಪ್ಯಾಕೇಜು ಬಂದರೆ ಕೆಲಸ ಮುಗಿಯಲಿಲ್ಲ. ಹಿಂದೆ ರಿಮೋಟಿನಲ್ಲಿ ಎರಡು ಅಂಕಿ ಒತ್ತಿದರೆ ಸಾಕಿತ್ತು, ಈಗ ಮೂರು. ಟೀವಿಗೊಂದು ರಿಮೋಟು, ಪೆಟ್ಟಿಗೆಗೊಂದು. ರಿಮೋಟಿನ ಮೇಲೆ ಇಂಗ್ಲಿಷ್ ಅಂಕಿಗಳು. ಅತ್ತೆಯವರು ಕಲಿತದ್ದು ಕನ್ನಡ ಅಂಕಿ. ಇಂಗ್ಲಿಷಿನ ಆರು, ಒಂಬತ್ತು ಅವರಿಗೆ ಯಾವಾಗಲೂ ಗೊಂದಲ.

ಮಗ ಒಂದು ರಟ್ಟಿನ ಹಾಳೆ ತೆಗೆದುಕೊಂಡ. ಮೇಲೆ ಹತ್ತು ಇಂಗ್ಲಿಷ್ ಅಂಕಿ, ಅವುಗಳ ಕೆಳಗೆ ಹತ್ತು ಕನ್ನಡ ಅಂಕಿ ಬರೆಯಲು ಹೊರಟ. ಆಗ ಗೊತ್ತಾಯಿತು, ಅವನಿಗೆ ಕನ್ನಡ ಅಂಕಿಗಳು ಬಾರವು. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಆದರೆ ಓದು ಬರಹ ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿ. ನಿಮ್ಮಲ್ಲಿ ಅನೇಕರ ಕಥೆಯೂ ಇದೇ. ಅಜ್ಜಿ ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸಿದರು. ಅವನು ನೋಡಿಕೊಂಡು ರಟ್ಟಿಗೆ ಇಳಿಸಿದ. ಅಂಕಿಯಾದ ಮೇಲೆ ವಾಹಿನಿಗಳ ಹೆಸರು. ‘ಉದಯ’ ಸುಲಭವಾಗಿ ಬಂತು. ‘ಸುವರ್ಣ’ದ ಅರ್ಕಾವತ್ತಿನ ಹತ್ತಿರ ಅರ್ಧ ಗಂಟೆ ಜಗಳವಾಯಿತು. “ಅಜ್ಜಿ, ‘ರ’ ಮೊದಲು ಉಚ್ಚಾರ ಮಾಡಿ ಆಮೇಲೆ ಯಾಕೆ ಬರೆಯೋದು?” ಎಂದು ಅವನು, “ನಿಮ್ಮ ಮರಾಠಿಯೊಳಗ ತಲಿ ಮ್ಯಾಲೆ ಹೊತ್ಕೊಂಡು ಹೋಗೂದಿಲ್ಲೇನು, ನಮ್ಮದು ಮಗ್ಗಲಕ್ಕ ಇಟ್ಕೊಂಡು ಹೋಗ್ತದ” ಎಂದು ಅವರು. ನನ್ನ ಬಿ.ಎ.ಯಲ್ಲಿ ಯಾವ ಪ್ರಾಧ್ಯಾಪಕರೂ ಇಷ್ಟು ಚೆನ್ನಾಗಿ ವ್ಯಾಕರಣ ಹೇಳಿರಲಿಲ್ಲ.

ನಂಬರು ಹುಡುಕುತ್ತ ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ದೂರದರ್ಶನದ ‘ಚಂದನ’ ವಾಹಿನಿ ಮೊದಲ ದಿನದಿಂದಲೂ ಪೆಟ್ಟಿಗೆಯಲ್ಲಿತ್ತು, ಉಚಿತವಾಗಿ. ಎಷ್ಟೋ ನೂರರ ಆಚೆಯ ನಂಬರಿನಲ್ಲಿ ಕೂತಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2002ರಿಂದ ನಡೆದುಬಂದ ‘ಥಟ್ ಅಂತ ಹೇಳಿ’ ರಸಪ್ರಶ್ನೆಯನ್ನು ನಾವು ಕಂಡದ್ದು ಆಗಲೇ. ಸರಿಯುತ್ತರಕ್ಕೆ ಪುಸ್ತಕದ ಬಹುಮಾನ ಕೊಡುವ ಕಾರ್ಯಕ್ರಮ. ಅಜ್ಜಿ ಉತ್ತರ ಹೇಳುವುದು, ಮೊಮ್ಮಗ ತೆರೆಯ ಮೇಲಿನ ಪ್ರಶ್ನೆ ಓದಲು ತಿಣುಕುವುದು. ಆರು ತಿಂಗಳಲ್ಲಿ ಅವನು ಪ್ರಶ್ನೆಯನ್ನು ತೆರೆಯಿಂದ ಹೋಗುವ ಮೊದಲೇ ಓದಿ ಮುಗಿಸುವಷ್ಟಾದ. ಕನ್ನಡ ವರ್ಗಕ್ಕೆ ಬಾ ಎಂದು ಸಂಘದಿಂದ ಎಷ್ಟು ಸಲ ಕರೆದರೂ ಹೋಗದವನು!

ಧಾರವಾಡದ ಫೋನು ಮತ್ತೆ ಉದ್ದವಾಯಿತು. ಧಾರಾವಾಹಿಯ ಸೊಸೆಗೆ ಮತ್ತೆ ಬೈಗುಳ ಬೀಳತೊಡಗಿತು.

ಮತ್ತೆ ಮತ್ತೆ ಬರುವ ಫಾರಂ

2019ರ ಫೆಬ್ರವರಿಯಲ್ಲಿ ಇನ್ನೊಂದು ಬದಲಾವಣೆ ಬಂತು. ಟ್ರಾಯ್‌ನ ಹೊಸ ದರ ನಿಯಮದ ಪ್ರಕಾರ ಪ್ರತಿ ವಾಹಿನಿಗೂ ಬೆಲೆ ಗೊತ್ತುಪಡಿಸಿದರು. 100 ವಾಹಿನಿಗಳ ತನಕ ಜಾಲದ ಶುಲ್ಕ 130 ರೂಪಾಯಿ, 18 ಶೇಕಡಾ ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ನಾವು ಆರಿಸಿದ ವಾಹಿನಿಗಳ ಬೆಲೆ. ಆರಿಸದಿದ್ದವರಿಗೆ ಕಂಪನಿಯವರೇ ಒಂದು ಪ್ಯಾಕೇಜು ಕೂಡಿಸಿಕೊಟ್ಟರು. ಅಂಥ ಪ್ಯಾಕೇಜಿನಲ್ಲಿ ನಮ್ಮ ಪರಿಚಯದ ಮೂರು ಮನೆಗಳ ಕನ್ನಡ ಮತ್ತೆ ಕಾಣೆಯಾಯಿತು. ನಮ್ಮ ಮನೆಯಲ್ಲಿ ಆಗಲಿಲ್ಲ. ಅಷ್ಟರಲ್ಲಿ ನೌಕರಿಗೆ ಸೇರಿದ್ದ ಮಗ ಪುಣೆಯಿಂದ ಫೋನು ಮಾಡಿ ಮೊದಲು ಕೇಳಿದ್ದೇ, “ಅಜ್ಜಿಗೆ ಫೋನು ಕೊಡು” ಎಂದು. 81 ವರ್ಷದ ಅವರು ಗೋಡೆಯ ಹಾಳೆ ನೋಡಿ ಒಂದೊಂದೇ ಹೆಸರು ಹೇಳಿದರು, ಅವನು ಅಲ್ಲಿಂದಲೇ ಗುರುತು ಹಾಕಿದ.

ಆ ಬಳಿಕವೂ ನಿಯಮಗಳು ಬದಲಾಗಿವೆ. 2024ರಲ್ಲಿ ಜಾಲದ ಶುಲ್ಕದ ಮೇಲಿನ ಮಿತಿಯನ್ನು ಟ್ರಾಯ್ ತೆಗೆದುಹಾಕಿತು. ಈಗ ಕಂಪನಿಗಳೇ ನಿಗದಿ ಮಾಡುತ್ತವೆ. ಇನ್ನು ಆಂಟೆನಾದ ಕಾಲವಂತೂ ಮುಗಿದಂತೆಯೇ. 2022ರ ಮಾರ್ಚ್ ಹೊತ್ತಿಗೆ ಗಡಿಯಂಥ ಆಯ್ದ ಕೆಲವು ಸ್ಥಳಗಳನ್ನು ಬಿಟ್ಟು ದೂರದರ್ಶನ ತನ್ನ ಅನಲಾಗ್ ಗೋಪುರ ಪ್ರಸಾರವನ್ನು ನಿಲ್ಲಿಸಿತು. ಈಗಿನ ಮಾತು ಸ್ಮಾರ್ಟ್ ಟೀವಿ, ಇಂಟರ್‌ನೆಟ್. ಅಲ್ಲಿ ವಾಹಿನಿಗೆ ನಂಬರೇ ಇಲ್ಲ. ಚಿತ್ರಗಳ ಸಾಲು, ಪಾಸ್‌ವರ್ಡು. ಗೋಡೆಯ ಹಾಳೆ ಅಲ್ಲಿ ಕೆಲಸಕ್ಕೆ ಬಾರದು.

ಅತ್ತೆಯವರು 2020ರಲ್ಲಿ ಹೋದರು. ಈಗ ಸಂಜೆಯ ಹೊತ್ತು ಆ ಕುರ್ಚಿಯಲ್ಲಿ ಕೂಡುವವಳು ನಾನು. ಹಿಂದೆ ಅಂಥ ಧಾರಾವಾಹಿಗಳನ್ನು ಕಂಡರೆ ಮೂಗು ಮುರಿಯುತ್ತಿದ್ದವಳು ಈಗ ಒಂದನ್ನು ತಪ್ಪದೆ ನೋಡುತ್ತೇನೆ. ರಾತ್ರಿ ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯೊಡನೆ ಅದರ ಮಾತಾಡುತ್ತೇನೆ. ಸರದಿ ನನಗೆ ಬಂದಿದೆ.

ನೀವು ಮಾಡಬೇಕಾದದ್ದು

ಅನುಭವದಿಂದ ಕಲಿತ ಕೆಲವು ಮಾತು. ಪೆಟ್ಟಿಗೆ ಬದಲಿಸುವಾಗ, ಪ್ಯಾಕೇಜು ನವೀಕರಿಸುವಾಗ, ಕೇಬಲ್ ಬಿಟ್ಟು ಇಂಟರ್‌ನೆಟ್ಟಿಗೆ ಹೋಗುವಾಗ ಉಪಯೋಗಕ್ಕೆ ಬಂದೀತು.

1. ಫಾರಂ ತುಂಬುವ ಮೊದಲು ಒಂದು ವಾರ ಮನೆಯ ಹಿರಿಯರು ಯಾವ ಹೊತ್ತಿಗೆ ಏನು ನೋಡುತ್ತಾರೆಂದು ಗಮನಿಸಿ. “ಏನು ಬೇಕು?” ಎಂದು ಕೇಳಿದರೆ “ಏನೂ ಬೇಡಪ್ಪಾ” ಎನ್ನುತ್ತಾರೆ. ಅದನ್ನು ನಂಬಬೇಡಿ.

2. ಕನ್ನಡ ವಾಹಿನಿಗಳನ್ನು ಒಂದೊಂದಾಗಿ ಹೆಸರು ಹೇಳಿ ಕೇಳಿ. ‘ಸೌತ್ ಪ್ಯಾಕ್’ ಎಂದರೆ ಕನ್ನಡವಿದ್ದೇ ಇರುತ್ತದೆಂದು ಭಾವಿಸಬೇಡಿ. ಇಡೀ ಪ್ಯಾಕೇಜು ಬೇಡವಾದರೆ ಬಿಡಿಯಾಗಿ ಒಂದೆರಡು ವಾಹಿನಿ ಕೊಳ್ಳಲೂ ಬರುತ್ತದೆ. ‘ಚಂದನ’ ಉಚಿತ, ಪಟ್ಟಿಯ ಕೊನೆಯ ತನಕ ಹುಡುಕಿ.

3. ಪೆಟ್ಟಿಗೆ ಬಂತೆಂದು ಹಳೆಯ ಟೀವಿ ಎಸೆಯಬೇಕಾಗಿಲ್ಲ. 2012ರಲ್ಲಿ ಈ ತಪ್ಪು ತಿಳಿವಳಿಕೆಯಿಂದ ಹೊಸ ಟೀವಿ ಕೊಂಡವರಿದ್ದಾರೆ. ಹಳದಿ, ಕೆಂಪು, ಬಿಳಿ ಮೂರು ಪಿನ್ನಿನ ವಯರಿನಿಂದ ಡಬ್ಬಾ ಟೀವಿಗೂ ಪೆಟ್ಟಿಗೆ ಜೋಡಿಸಬಹುದು. ಎಸೆಯಲೇಬೇಕಾದರೆ ಕಸದ ತೊಟ್ಟಿಗೆ ಹಾಕಬೇಡಿ. ಅದರ ಗಾಜಿನಲ್ಲಿ ಸೀಸವಿರುತ್ತದೆ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

4. ಕೇಬಲ್ ಬಿಟ್ಟು ಡಿಶ್ ಹಾಕಿಸುವುದಾದರೆ ಮುಂಬೈಯ ಮಳೆಗಾಲವನ್ನು ನೆನಪಿಡಿ. ಜೋರು ಮಳೆಯಲ್ಲಿ ಉಪಗ್ರಹದ ಸಿಗ್ನಲ್ ಸೋತು ಚಿತ್ರ ನಿಲ್ಲುತ್ತದೆ. ಹಾಳಾಗಿಲ್ಲ, ಮಳೆ ನಿಂತ ಮೇಲೆ ಬರುತ್ತದೆ ಎಂದು ಹಿರಿಯರಿಗೆ ಮೊದಲೇ ಹೇಳಿಡಿ. ಇಲ್ಲವಾದರೆ ತಾವು ಏನೋ ಒತ್ತಿ ಕೆಡಿಸಿದೆವೆಂದು ಹೆದರಿ ಕೂಡುತ್ತಾರೆ.

5. ನಂಬರುಗಳನ್ನು ದೊಡ್ಡದಾಗಿ, ಕನ್ನಡದಲ್ಲಿ ಬರೆದು ಟೀವಿಯ ಪಕ್ಕ ಅಂಟಿಸಿ. ಸ್ಮಾರ್ಟ್ ಟೀವಿಯಾದರೆ ಯಾವ ಬಟನ್ ಮೊದಲು, ಯಾವುದು ಆಮೇಲೆ ಎಂದು ಕ್ರಮವಾಗಿ ಬರೆಯಿರಿ. ಬರೆಯಲು ಬಾರದಿದ್ದರೆ ಅವರನ್ನೇ ಕೇಳಿ ಬರೆಯಿರಿ. ಹಾಳೆಗಿಂತ ಆ ಅರ್ಧ ಗಂಟೆ ಹೆಚ್ಚು ಬೆಲೆಯದು.

6. ಅವರೇ ಒತ್ತಿ ತೆಗೆಯುವ ತನಕ ರಿಮೋಟನ್ನು ನೀವು ಕೈಗೆತ್ತಿಕೊಳ್ಳಬೇಡಿ. ಇದು ಎಲ್ಲಕ್ಕಿಂತ ಕಠಿಣ.

ಮಗ ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ನನ್ನ ಪಕ್ಕ ಬಂದು ಕೂತು, “ಅಮ್ಮ, ನೀವು ದಿನಾ ಏನೇನು ನೋಡುತ್ತೀರಿ, ಹೇಳಿ” ಎಂದ. ಕೈಯಲ್ಲಿ ಹೊಸ ರಟ್ಟಿನ ಹಾಳೆ, ಸ್ಕೆಚ್ ಪೆನ್ನು. ಮೂರು ಹೆಸರು ಹೇಳಿದೆ. ಅವನು ಬರೆದ. ಈ ಸಲ ‘ಸುವರ್ಣ’ದ ಅರ್ಕಾವತ್ತು ಯಾರೂ ಹೇಳದೆಯೇ ಸರಿಯಾದ ಜಾಗದಲ್ಲಿ ಬಂತು. ಕೇಬಲ್ ಸದ್ಯಕ್ಕೆ ಇರುತ್ತದೆ. ಹಳೆಯ ಹಾಳೆಯನ್ನು ತೆಗೆಯಲಿಲ್ಲ; ಹೊಸದನ್ನು ಅದರ ಕೆಳಗೆ ಅಂಟಿಸಿ ಹೋಗಿದ್ದಾನೆ.